ಗೋಡೆಯ ಕೆಳಗಿನ ಎರಡಡಿ

ಬೆಂಗಳೂರಿನ ಗೋಡೆ ಚಿತ್ರಗಳನ್ನು ನಾಲ್ಕಾರು ಮಳೆಗಾಲ ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದೇ ಇರುತ್ತದೆ. ಆನೆಗೆ ಕಾಲಿರುವುದಿಲ್ಲ. ಹಂಪಿಯ ಕಲ್ಲಿನ ರಥಕ್ಕೆ ಗಾಲಿ ಇರುವುದಿಲ್ಲ. ಯಕ್ಷಗಾನದ ವೇಷಧಾರಿಯ ಕಿರೀಟ ಇನ್ನೂ ಝಗಝಗಿಸುತ್ತಿದ್ದರೂ ಗೆಜ್ಜೆ ಕಟ್ಟಿದ ಪಾದ ಸಿಪ್ಪೆ ಎದ್ದು ಉದುರಿರುತ್ತದೆ. ಜೋಗದ ನೀರು ನೆಲ ಮುಟ್ಟುವ ಮೊದಲೇ ಬಿಳಿ ಹುಡಿಯಾಗಿ ಮುಗಿದುಹೋಗಿರುತ್ತದೆ. 2009ರ ಹೊತ್ತಿಗೆ ಪಾಲಿಕೆ ಸಿನಿಮಾ ಬ್ಯಾನರ್ ಮತ್ತು ಬೋರ್ಡ್ ಬರೆಯುತ್ತಿದ್ದವರನ್ನು ಕರೆಸಿ ಊರಿನ ಗೋಡೆಗಳ ಮೇಲೆ ಅರಮನೆ, ಜಲಪಾತ, ಹುಲಿ, ನವಿಲು ಬರೆಸಿತಲ್ಲ, ಆವತ್ತಿನಿಂದ ಇವತ್ತಿನ ಫ್ಲೈಓವರ್ ಕಂಬಗಳವರೆಗೆ ಇದೇ ಕಥೆ. ಶೈಲಿ ಬದಲಾಗಿದೆ, ಕುಂಚದ ಜಾಗಕ್ಕೆ ಕೆಲವೆಡೆ ಸ್ಪ್ರೇ ಬಂದಿದೆ, ಹುಲಿಯ ಜಾಗದಲ್ಲಿ ದೊಡ್ಡ ದೊಡ್ಡ ಮುಖಗಳು ಬಂದಿವೆ. ಉದುರುವುದು ಮಾತ್ರ ಅದೇ ಕೆಳಗಿನ ಎರಡಡಿ.

ಕೇಳಿದರೆ ಬರುವ ಉತ್ತರ ಎರಡೇ: ಬಣ್ಣ ಕಳಪೆ, ಇಲ್ಲ ಬರೆದವನು ಕಳಪೆ. ಆದರೆ ಮೇಲಿನ ಆರಡಿಗೆ ಬಳಿದದ್ದೂ ಅದೇ ಡಬ್ಬದ ಬಣ್ಣ, ಅದೇ ದಿನ, ಅದೇ ಕೈ. ಅದು ನಿಂತಿದೆಯಲ್ಲ? ಬೀದಿ ಚಿತ್ರದ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಚಿತ್ರ ಏನು ಹೇಳುತ್ತದೆ, ಯಾರು ಬರೆದರು, ಊರು ಎಷ್ಟು ಚೆಂದವಾಯಿತು ಎಂಬಲ್ಲೇ ಸುತ್ತುತ್ತದೆ. ಗೋಡೆ ಏನು ಹೇಳುತ್ತಿದೆ ಎಂದು ಕೇಳುವವರು ಕಡಿಮೆ. ಬೀದಿ ಚಿತ್ರದ ಆಯಸ್ಸನ್ನು ಬರೆಯುವ ಹಣೆಬರಹ ಇರುವುದು ಅಲ್ಲೇ.

ನೀರು ಹಿಂದಿನಿಂದ ಬರುತ್ತದೆ

ಮನೆಯ ಗೋಡೆಗೂ ಕಾಂಪೌಂಡ್ ಗೋಡೆಗೂ ಒಂದು ವ್ಯತ್ಯಾಸವಿದೆ. ಮನೆ ಕಟ್ಟುವಾಗ ಪಾಯದ ಮೇಲೆ ತೇವ ಏರದಂತೆ ಒಂದು ಕಾಂಕ್ರೀಟು ಪಟ್ಟಿ ಹಾಕುತ್ತಾರೆ. ಕಾಂಪೌಂಡಿಗೆ ಆ ಖರ್ಚನ್ನು ಸಾಮಾನ್ಯವಾಗಿ ಯಾರೂ ಮಾಡುವುದಿಲ್ಲ. ಸೈಜುಗಲ್ಲೋ ಸಿಮೆಂಟ್ ಬ್ಲಾಕೋ ನೇರ ಮಣ್ಣಿನಿಂದಲೇ ಏಳುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಗೋಡೆ ನೆಲದ ತೇವವನ್ನು ಎಳೆದು ಎರಡು ಮೂರು ಅಡಿಯವರೆಗೆ ಏರಿಸುತ್ತದೆ. ಒಳಗಡೆ ಹೂವಿನ ಪಾತಿ ಇದ್ದು ದಿನಾ ನೀರು ಹಾಕುತ್ತಿದ್ದರೆ ಬೇಸಿಗೆಯಲ್ಲೂ ಬಿಡುವಿಲ್ಲ. ಹೊರಗಡೆ ಫುಟ್‌ಪಾತನ್ನು ಪ್ರತಿ ಸಲ ಹಳೆಯದರ ಮೇಲೆಯೇ ಏರಿಸಿ ಹಾಕುವುದರಿಂದ ಹಿಂದೆ ನೆಲದಿಂದ ಒಂದಡಿ ಮೇಲಿದ್ದ ಗಾರೆ ಈಗ ನೆಲದೊಳಗಿರುತ್ತದೆ. ಜತೆಗೆ ಬಸ್ಸಿನ ಚಕ್ರ ಎರಚುವ ಕೆಸರು. ಮತ್ತೆ, ಬೇಡವೆಂದರೂ ಹೇಳಲೇಬೇಕು, ಗೋಡೆಗೆ ಮುಖಮಾಡಿ ನಿಲ್ಲುವ ಗಂಡಸರು.

ಈ ನೀರು ಬರಿಗೈಯಲ್ಲಿ ಬರುವುದಿಲ್ಲ. ಮಣ್ಣಿನ, ಸಿಮೆಂಟಿನ, ಇಟ್ಟಿಗೆಯ ಉಪ್ಪನ್ನು ಕರಗಿಸಿಕೊಂಡು ಬರುತ್ತದೆ. ಬಿಸಿಲು ಬಿದ್ದಾಗ ನೀರು ಆವಿಯಾಗಿ ಹೊರಟು ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಬಣ್ಣದ ಪದರ ಉಸಿರಾಡುವಂಥದ್ದಾದರೆ ಹರಳು ಮೇಲೆ ಬಂದು ಬಿಳಿ ಹುಡಿಯಾಗಿ ಕಾಣುತ್ತದೆ, ಅಷ್ಟೆ. ಎನಾಮೆಲ್ ಎಂಬ ಎಣ್ಣೆ ಮೂಲದ ಬಣ್ಣದಂತೆ ಬಿಗಿಯಾದ ಪದರವಾದರೆ ಹರಳು ಅದರ ಹಿಂದೆಯೇ ಬೆಳೆದು ಪದರವನ್ನು ತಳ್ಳುತ್ತದೆ. ಮೊದಲು ಹಪ್ಪಳದಂತೆ ಗುಳ್ಳೆ, ಆಮೇಲೆ ಬಿರುಕು, ಆಮೇಲೆ ಅಂಗೈ ಅಗಲದ ಚಕ್ಕೆ. ಬಿದ್ದ ಚಕ್ಕೆಯನ್ನು ತಿರುಗಿಸಿ ನೋಡಿ. ಅದರ ಬೆನ್ನಿಗೆ ಗಾರೆಯ ಮರಳು ಅಂಟಿಕೊಂಡಿರುತ್ತದೆ. ಬಣ್ಣ ಗೋಡೆಯನ್ನು ಬಿಟ್ಟಿಲ್ಲ, ಗೋಡೆಯೇ ಗೋಡೆಯನ್ನು ಬಿಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ. ಪೇಂಟರುಗಳು ಇದಕ್ಕೆ 'ಗೋಡೆಗೆ ಉಪ್ಪು ಬಂದಿದೆ' ಎಂದು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ.

ಅಂಡರ್‌ಪಾಸ್ ಗೋಡೆಗಳದ್ದು ಇನ್ನೂ ಒಂದು ಕೈ ಮೇಲು. ಆ ಗೋಡೆಯ ಹಿಂದೆ ಇರುವುದು ಮಣ್ಣಿನ ರಾಶಿ. ಅದರಲ್ಲಿ ಸೇರಿದ ಮಳೆನೀರು ಹೊರಬರಲೆಂದೇ ಅಲ್ಲಲ್ಲಿ ಪಿವಿಸಿ ಪೈಪಿನ ತೂತು ಬಿಟ್ಟಿರುತ್ತಾರೆ. ಚಿತ್ರದ ನುಣುಪಿಗೆ ಅಡ್ಡಿಯೆಂದು ಆ ತೂತಿಗೆ ಪುಟ್ಟಿ (ಗೋಡೆ ನುಣುಪು ಮಾಡುವ ಲೇಪ) ತುಂಬುವವರಿದ್ದಾರೆ. ಒಂದೇ ಮಳೆಗಾಲ ಸಾಕು. ಒಳಗಿನ ನೀರು ಸಿಕ್ಕ ಸಿಕ್ಕ ಬಿರುಕಿನಲ್ಲಿ ದಾರಿ ಮಾಡಿಕೊಂಡು ಚಿತ್ರದ ಮೇಲೆ ಕಂದು ಕಣ್ಣೀರಿನಂತೆ ಇಳಿಯುತ್ತದೆ. ಆ ತೂತುಗಳನ್ನು ಹಾಗೆಯೇ ಬಿಟ್ಟು ಮೀನಿನ ಕಣ್ಣೋ, ಕೊಳಲಿನ ರಂಧ್ರವೋ ಮಾಡಿಕೊಳ್ಳುವವನೇ ಜಾಣ.

ಬರೆಯುವ ಮೊದಲಿನ ವಾರ

ಗೋಡೆಯ ಜತೆ ಮಾತಾಡುವುದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹೊಡೆದು ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಮರುದಿನ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನದು. ಅಲ್ಲಿ ಚಿತ್ರದ ಮುಖ್ಯ ಭಾಗ ಬರದಂತೆ ನೋಡಿಕೊಳ್ಳಬೇಕು. ಇನ್ನೊಂದು ಪರೀಕ್ಷೆ ಕಿವಿಯದ್ದು. ಬ್ರಷ್ಷಿನ ಹಿಡಿಯಿಂದ ಅಡಿಗೊಮ್ಮೆ ತಟ್ಟುತ್ತಾ ಹೋದರೆ ಗಟ್ಟಿ ಗಾರೆ 'ಟಕ್' ಎನ್ನುತ್ತದೆ, ಬಿಟ್ಟುಕೊಂಡ ಗಾರೆ ಹಳೇ ಡಬ್ಬದ ಹಾಗೆ 'ಡಬ್' ಎನ್ನುತ್ತದೆ. ಡಬ್ ಎಂದ ಕಡೆಯೆಲ್ಲ ಕೆತ್ತಿ ತೆಗೆದು ಹೊಸ ಗಾರೆ ಹಾಕದೆ ಬರೆದರೆ ಆ ಭಾಗ ಮೊದಲು ಬೀಳುತ್ತದೆ ಎಂದು ಕಾಗದದ ಮೇಲೆ ಬರೆದು ಕೊಡಬಹುದು.

ಹೊಸ ಗಾರೆಗೆ 28 ದಿನ ಬಿಡಬೇಕು. ಹಸಿ ಸಿಮೆಂಟಿನ ಕ್ಷಾರಗುಣ ತುಂಬಾ ಹೆಚ್ಚು, ಪಿಎಚ್ 12ರಿಂದ 13ರವರೆಗೆ ಇರುತ್ತದೆ. ಅದರ ಮೇಲೆ ಎಣ್ಣೆ ಮೂಲದ ಬಣ್ಣ ಹಚ್ಚಿದರೆ ಎಣ್ಣೆ ಸಾಬೂನಿನಂತಾಗಿ ಬಣ್ಣ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತುಮಾಡಿ ಗೋಡೆಯನ್ನು ಆಮೇಲೆ ಕಟ್ಟುವ ನಮ್ಮ ಪದ್ಧತಿಯಲ್ಲಿ ಈ 28 ದಿನ ಯಾರಿಗೂ ಸಿಗುವುದಿಲ್ಲ.

ಹಳೇ ಗೋಡೆಯಾದರೆ ಮೊದಲ ಶತ್ರು ಪೋಸ್ಟರ್. ಕಾಗದ ಹರಿದು ಬರುತ್ತದೆ, ಮೈದಾ ಅಂಟು ಬರುವುದಿಲ್ಲ. ಅದರ ಮೇಲೆ ಬಣ್ಣ ಬಳಿದರೆ ಮಳೆಯಲ್ಲಿ ಅಂಟು ಮತ್ತೆ ನೆನೆದು ಬಣ್ಣವನ್ನು ಜತೆಗೇ ಕರೆದುಕೊಂಡು ಹೊರಡುತ್ತದೆ. ಬಿಸಿನೀರು ಹಾಕಿ, ಹತ್ತು ನಿಮಿಷ ನೆನೆಯಲು ಬಿಟ್ಟು, ವೈರ್ ಬ್ರಷ್ಷಿನಲ್ಲಿ ಉಜ್ಜಬೇಕು. ಪಾಚಿ ಇದ್ದ ಕಡೆ ಬ್ಲೀಚಿಂಗ್ ಪುಡಿಯ ನೀರು ಹಚ್ಚಿ ಅದು ಬೆಳ್ಳಗಾದ ಮೇಲೆ ತೊಳೆಯಬೇಕು. ಆದರೆ ಉಪ್ಪು ಹುಡಿ ಇದ್ದ ಕಡೆ ನೀರು ಮುಟ್ಟಿಸಬಾರದು. ಒಣ ಬ್ರಷ್ಷಿನಲ್ಲೇ ಉದುರಿಸಿ ಗುಡಿಸಬೇಕು, ತೊಳೆದರೆ ಕರಗಿದ ಉಪ್ಪು ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಬಹಳ ಜನ ಪ್ರೆಷರ್ ಪಂಪ್ ತಂದು ಗೋಡೆ ಪೂರ್ತಿ ತೊಳೆದು, ಸ್ವಚ್ಛವಾಯಿತೆಂದು ಮರುದಿನವೇ ಪ್ರೈಮರ್, ಅಂದರೆ ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಲೇಪ, ಹೊಡೆಯುತ್ತಾರೆ. ಆ ಗೋಡೆ ಒಳಗೆ ಒಣಗಲು ಕಡಿಮೆಯೆಂದರೂ ಮೂರು ನಾಲ್ಕು ದಿನದ ಬಿಸಿಲು ಬೇಕು.

ಲೆಕ್ಕ ಹೀಗೆ. ಎಂಟಡಿ ಎತ್ತರ, ನಲವತ್ತಡಿ ಉದ್ದದ ಗೋಡೆ ಎಂದರೆ 320 ಚದರಡಿ. ನೀರು ಬೆರೆಸುವ ಹೊರಗೋಡೆ ಪ್ರೈಮರ್ ಒಂದು ಸಲ ಬಳಿಯಲು, ಅಂದರೆ ಒಂದು ಕೋಟ್‌ಗೆ, ಮೂರರಿಂದ ನಾಲ್ಕು ಲೀಟರ್. ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಗೆ ಬಳಿಯುವ ನೀರು ಮೂಲದ ಬಣ್ಣ) ಒಂದು ಲೀಟರಿಗೆ ಎರಡು ಕೋಟ್‌ನಲ್ಲಿ 50ರಿಂದ 60 ಚದರಡಿ, ಅಂದರೆ ತಳಬಣ್ಣಕ್ಕೆ ಆರು ಲೀಟರ್. ಗೋಡೆ ಒರಟಾಗಿದ್ದರೆ ಇದರ ಒಂದೂವರೆ ಪಟ್ಟು ಕುಡಿಯುತ್ತದೆ. ಒಂದು ಕೋಟ್‌ಗೂ ಇನ್ನೊಂದು ಕೋಟ್‌ಗೂ ನಡುವೆ ನಾಲ್ಕು ಗಂಟೆ. ಆಮೇಲೆ ಚಿತ್ರಕ್ಕೆ ಕಪ್ಪು ಒಂದು ಲೀಟರ್, ಬಿಳಿ ಎರಡು ಲೀಟರ್, ಉಳಿದವು ಅರ್ಧರ್ಧ ಲೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ನೀರು ಬೆರೆಸುವುದು ಈ ಕಸುಬಿನ ಹಳೇ ಪಾಪ. ಹಾಗೆ ಮಾಡಿದ ಗೋಡೆಯನ್ನು ವರ್ಷ ಬಿಟ್ಟು ಕೈಯಿಂದ ಸವರಿದರೆ ಅಂಗೈಗೆ ಸುಣ್ಣದಂತೆ ಹುಡಿ ಹತ್ತುತ್ತದೆ.

ಕಾಲದ ಮಾತೂ ಇದೆ. ಬೆಂಗಳೂರಿಗೆ ಮಳೆ ಜೂನಿನಲ್ಲಿ ಬಂದು ಹೋಗುವ ನೆಂಟನಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಜೋರಾಗಿ ಸುರಿದು, ನವೆಂಬರಿನ ಜಡಿಯನ್ನೂ ಮುಗಿಸಿಯೇ ಹೊರಡುತ್ತದೆ. ಏಪ್ರಿಲ್, ಮೇ ಮಧ್ಯಾಹ್ನಗಳನ್ನು ನಂಬುವಂತಿಲ್ಲ. ಹಾಗಾಗಿ ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಪಶ್ಚಿಮಕ್ಕೆ ಮುಖಮಾಡಿದ ಗೋಡೆಗೆ ಬೆಳಗ್ಗೆ ಬರೆಯಬೇಕು, ಪೂರ್ವದ ಗೋಡೆಗೆ ಮಧ್ಯಾಹ್ನದ ಮೇಲೆ. ಕಾದ ಗೋಡೆಯ ಮೇಲೆ ಎಮಲ್ಷನ್ ಕುಂಚದ ತುದಿಯಲ್ಲೇ ಒಣಗಿ ಗೆರೆ ಎಳೆಎಳೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೆ ಗೋಡೆಯ ಕೆಲಸಕ್ಕೇ ವಾರ ಹಿಡಿಯುತ್ತದೆ, ಚಿತ್ರಕ್ಕೆ ಮೂರು ದಿನ. ದುಡ್ಡು ಕೊಡುವವರು ಮಾತ್ರ ಚಿತ್ರದ ಚದರಡಿಗೆ ಲೆಕ್ಕ ಹಾಕುತ್ತಾರೆ. ಕಾಲಿಲ್ಲದ ಆನೆ ಹುಟ್ಟುವುದು ಈ ಲೆಕ್ಕದಲ್ಲಿ.

ಉಳಿಯುವ ಬಣ್ಣ, ಓಡಿಹೋಗುವ ಬಣ್ಣ

ಆರೇಳು ವರ್ಷ ಯಾರೂ ಮುಟ್ಟದೆ ಬಿಟ್ಟ ಚಿತ್ರದಲ್ಲಿ ಸಾಮಾನ್ಯವಾಗಿ ನೀಲಿ, ಹಸಿರು, ಕಂದು, ಕಪ್ಪು ಉಳಿದಿರುತ್ತವೆ. ಗುಲಾಬಿ, ನಿಂಬೆ ಹಳದಿ, ಕಿತ್ತಳೆ ಎಲ್ಲಿಗೋ ಹೋಗಿರುತ್ತವೆ. ಹುಡುಗಿಯ ಸೀರೆ ಬಿಳಚಿಕೊಂಡು ಆಕಾಶ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಬಿಸಿಲಿಗೆ ಎಲ್ಲ ವರ್ಣದ್ರವ್ಯವೂ ಒಂದೇ ಅಲ್ಲ. ಥ್ಯಾಲೋ ನೀಲಿ, ಥ್ಯಾಲೋ ಹಸಿರು, ಇಂಗಾಲದ ಕಪ್ಪು, ಕಬ್ಬಿಣದ ಆಕ್ಸೈಡಿನ ಕೆಂಪು ಹಳದಿಗಳು ಬಿಸಿಲನ್ನು ತಡೆಯುತ್ತವೆ. ಮಿನುಗುವ ಫ್ಲೋರೊಸೆಂಟ್ ಬಣ್ಣಗಳು ಫೋಟೋದಲ್ಲಿ ಮೆರೆದು, ಒಂದು ಬೇಸಿಗೆ ಮುಗಿಯುವುದರೊಳಗೆ ಸತ್ತುಹೋಗುತ್ತವೆ.

ಹೊಸಬರು ಮಾಡುವ ಇನ್ನೊಂದು ತಪ್ಪು ಸ್ಟೇನರ್‌ನದ್ದು, ಅಂದರೆ ಬಿಳಿ ಬಣ್ಣಕ್ಕೆ ಬೆರೆಸುವ ಗಾಢ ಬಣ್ಣದ ದ್ರವದ್ದು. ಇಪ್ಪತ್ತು ಲೀಟರಿನ ಬಿಳಿ ಬಕೆಟ್ ತಂದು, ಸ್ಟೇನರ್ ಬಾಟಲಿ ಸುರಿದು ಎಲ್ಲ ಬಣ್ಣ ಮಾಡಿಕೊಂಡರಾಯಿತು ಎಂದುಕೊಳ್ಳುತ್ತಾರೆ. ಬಿಳಿಗೆ ಕೆಂಪು ಸ್ಟೇನರ್ ಎಷ್ಟು ಸುರಿದರೂ ಬರುವುದು ಗುಲಾಬಿ. ಕುಂಕುಮದ ಕೆಂಪು ಬರಲಿ ಎಂದು ಇನ್ನೂ ಸುರಿದರೆ ಸ್ಟೇನರ್ ಹೆಚ್ಚಾಗಿ ಬಣ್ಣ ಒಣಗದೆ, ಮುಟ್ಟಿದರೆ ಕೈಗೆ ಹತ್ತುತ್ತದೆ, ಮಳೆ ಬಂದರೆ ಇಳಿಯುತ್ತದೆ. ಗಾಢ ಬಣ್ಣಕ್ಕೆ ಅಂಗಡಿಯ ಯಂತ್ರದಲ್ಲಿ ಡೀಪ್ ಬೇಸ್ (ಗಾಢ ಬಣ್ಣಕ್ಕೆಂದೇ ಇರುವ ಮೂಲ ಬಣ್ಣ) ಮೇಲೆ ಕಲಸಿಸಿಕೊಳ್ಳುವುದೇ ದಾರಿ.

ಈ ವಿಷಯದಲ್ಲಿ ನಮ್ಮ ಹಳಬರಿಗೆ ಇದ್ದ ತಿಳಿವಳಿಕೆ ನೋಡಿದರೆ ನಾಚಿಕೆಯಾಗಬೇಕು. ಸಾರಣೆ ಕಾರಣೆ ಎಂಬ ಜೋಡುಮಾತು ಇನ್ನೂ ಬಾಯಲ್ಲಿದೆ, ಕೈಯಲ್ಲಿ ಇಲ್ಲ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಅದೇ ಕಾರಣೆ; ಮೇಲಕ್ಕೆ ಸುಣ್ಣ. ಕೆಸರು ಸಿಡಿದರೂ ಕಾಣದು, ಎಲೆಅಡಿಕೆ ಉಗುಳಿದರೂ ಅಷ್ಟಾಗಿ ಕಾಣದು, ಉದುರಿದರೆ ಹಬ್ಬಕ್ಕೆ ಮತ್ತೆ ಬಳಿದರಾಯಿತು. ಕೆಮ್ಮಣ್ಣಿನ ಕೆಂಪು ಎಂದರೆ ಅದೇ ಕಬ್ಬಿಣದ ಆಕ್ಸೈಡ್, ಬಿಸಿಲಿಗೆ ಜಗ್ಗದ ಬಣ್ಣ. ಕರಾವಳಿಯ ದೇವಸ್ಥಾನಗಳ ಕಾವಿ ಕಲೆ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಸುಣ್ಣದ ಗಾರೆಯ ಮೇಲೆ ಕಾವಿಯ ಪದರ ಕೊಟ್ಟು, ಹಸಿಯಿರುವಾಗಲೇ ತಾಳೆಗರಿಯಲ್ಲಿ ಬರೆಯುವ ಕಂಟದಂಥ ಮೊನೆಯಲ್ಲಿ ಕೆರೆದು ಬಿಳಿಯನ್ನು ಹೊರತೆಗೆಯುತ್ತಾರೆ. ಚಿತ್ರ ಗೋಡೆಯ ಮೇಲೆ ಅಂಟಿಕೊಂಡ ಪದರವಲ್ಲ, ಗೋಡೆಯದೇ ಚರ್ಮ. ಸುಣ್ಣ ಉಸಿರಾಡುತ್ತದೆ, ಗುಳ್ಳೆ ಏಳಲು ಅಲ್ಲಿ ಎಡೆಯಿಲ್ಲ. ಮಲೆನಾಡಿನ ದೀವರ ಹೆಂಗಸರ ಚಿತ್ತಾರದ ದಾರಿ ಬೇರೆ. ಕೆಮ್ಮಣ್ಣಿನ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ, ಎಲ್ಲವೂ ಅಳಿಯುವ ಸಾಮಾನೇ. ಮದುವೆಗೋ ಭೂಮಿ ಹುಣ್ಣಿಮೆಗೋ ಮತ್ತೆ ಬರೆಯುತ್ತೇವೆ ಎಂಬ ಖಾತ್ರಿಯ ಮೇಲೆ ಆ ಕಲೆ ನಿಂತಿದೆ. ಒಂದೋ ಗೋಡೆಯೇ ಆಗಬೇಕು, ಇಲ್ಲವೇ ಮತ್ತೆ ಬರೆಯುವ ಕೈ ಇರಬೇಕು. ನಗರದ ಚಿತ್ರಕ್ಕೆ ಇವೆರಡೂ ಇಲ್ಲ.

ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಂಗಳೂರಿನಲ್ಲಿ ಕಸದ ಮೂಲೆಗಳನ್ನು ಸರಿಪಡಿಸುತ್ತಾ ಬಂದ 'ದಿ ಅಗ್ಲಿ ಇಂಡಿಯನ್' ಗುಂಪಿನವರು ಗೋಡೆಯ ಕೆಳಭಾಗಕ್ಕೆ ಇಟ್ಟಿಗೆಗೆಂಪು ಬಳಿಯುವುದನ್ನು ನೋಡಿದಾಗ ಕೆಲವರು 'ಇದೇನು ಕಲೆಯೇ' ಎಂದು ಮೂಗು ಮುರಿದದ್ದುಂಟು. ಅದು ನಮ್ಮ ಕಾರಣೆಯೇ.

ಕಾವಲುಗಾರನ ಕೆಲಸಕ್ಕೆ ಇಟ್ಟ ಚಿತ್ರ

ಇನ್ನೊಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮೂರಲ್ಲಿ ಗೋಡೆಗೆ ಚಿತ್ರ ಬಂದದ್ದು ಕಲೆಯ ಮೇಲಿನ ಪ್ರೀತಿಯಿಂದ ಅಷ್ಟಾಗಿ ಅಲ್ಲ. ಪೋಸ್ಟರ್ ಹಚ್ಚುವವರನ್ನು, ಮೂತ್ರ ಮಾಡುವವರನ್ನು ತಡೆಯಲು. ಮೊದಲು 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆದು ನೋಡಿದರು, ಆಮೇಲೆ ದೇವರ ಟೈಲ್ಸ್ ಕೂರಿಸಿದರು, ಆಮೇಲೆ ಹುಲಿ ನವಿಲು. ಚಿತ್ರವೂ ಒಂದು ಕಾವಲು. ಅದಕ್ಕೇ ಅದು ಯಾರ ಮನಸ್ಸನ್ನೂ ಕೆಣಕದ ಚಿತ್ರವಾಗಿರಬೇಕಿತ್ತು, ಕ್ಯಾಲೆಂಡರಿನ ಪುಟದಂತೆ. ಆ ಕ್ಯಾಲೆಂಡರ್ ಚಿತ್ರಗಳನ್ನು ನೋಡಿ ನಗುವುದು ಸುಲಭ. ಆದರೆ ಫ್ಲೆಕ್ಸ್ ಬಂದು ಬ್ಯಾನರ್ ಕಸುಬನ್ನು ನುಂಗಿದ ಮೇಲೆ ಅಷ್ಟು ಜನ ಪಳಗಿದ ಕೈಗಳಿಗೆ ಮತ್ತೆ ಕುಂಚ ಕೊಟ್ಟ ಕೆಲಸ ಅದೊಂದೇ. ಕೈಯಲ್ಲಿ ಪೋಸ್ಟ್‌ಕಾರ್ಡಿನಷ್ಟು ಫೋಟೋ, ಅದರ ಮೇಲೆ ಚೌಕಳಿ, ಗೋಡೆಯ ಮೇಲೆ ನೀಲಿ ಪುಡಿಯ ನೂಲು ಹೊಡೆದು ಅದೇ ಚೌಕಳಿ. ಒಂದಂಗುಲಕ್ಕೆ ಒಂದಡಿ. ಈಗಿನವರು ರಾತ್ರಿ ಪ್ರೊಜೆಕ್ಟರ್ ಇಟ್ಟು ಗೆರೆ ಎಳೆಯುತ್ತಾರೆ, ಅಥವಾ ಗೋಡೆಯ ತುಂಬ ಗೀಚಿ, ಫೋಟೋ ತೆಗೆದು, ಮೊಬೈಲಿನಲ್ಲಿ ಚಿತ್ರದ ಮೇಲೆ ಹೊಂದಿಸಿ ಆ ಗೀಚುಗಳನ್ನೇ ಗುರುತಾಗಿ ಹಿಡಿಯುತ್ತಾರೆ. ಆ ಬ್ಯಾನರ್ ಕಲಾವಿದರಿಗೆ ನೂಲೊಂದಿದ್ದರೆ ಸಾಕಿತ್ತು.

ಅಪ್ಪಣೆ ಇಲ್ಲದೆ ಬರೆಯುವವರ ಪಾಡು ಬೇರೆ. 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಪೋಸ್ಟರನ್ನೂ ಗೋಡೆ ಬರಹವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ: ಆರು ತಿಂಗಳವರೆಗೆ ಸಜೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವ ಮೊದಲು ಮುಗಿಸಬೇಕಾದ ಅವಸರದ ಕೆಲಸಕ್ಕೆ ಸ್ಟೆನ್ಸಿಲ್, ಅಂದರೆ ಅಕ್ಷರ ಕೊರೆದ ಹಾಳೆ, ಬೇಕು. ಸ್ಟೆನ್ಸಿಲ್ಲಿಗೆ ಹಳೇ ಎಕ್ಸ್‌ರೇ ಹಾಳೆಯಷ್ಟು ಒಳ್ಳೆಯದು ಇನ್ನೊಂದಿಲ್ಲ, ನೆನೆಯದು, ಮುದುರದು, ಬ್ಲೇಡಿಗೆ ಬಗ್ಗುತ್ತದೆ. ಆದರೆ ಕನ್ನಡದಲ್ಲಿ ಸ್ಟೆನ್ಸಿಲ್ ಕೊರೆಯುವುದು ಇಂಗ್ಲಿಷಿನಷ್ಟು ಸಲೀಸಲ್ಲ. ನಮ್ಮದು ದುಂಡು ಅಕ್ಷರ. 'ಠ' ಕೊರೆದರೆ ಹೊಟ್ಟೆಯ ಬಿಲ್ಲೆ ಕಳಚಿ ಬೀಳುತ್ತದೆ, ಸೊನ್ನೆ ಕೊರೆದರೆ ಬರೀ ತೂತು. ಪ್ರತಿ ಒಳಬಿಲ್ಲೆಗೂ ಹೊರಗಿನ ಹಾಳೆಗೂ ನಡುವೆ ನಾಲ್ಕೈದು ಮಿಲಿಮೀಟರಿನ ಸೇತುವೆ ಬಿಡಬೇಕು. ಸೇತುವೆಯನ್ನು ಎಡವಟ್ಟು ಜಾಗದಲ್ಲಿ ಬಿಟ್ಟರೆ ಅಕ್ಷರ ಬೇರೆಯದೇ ಆಗಿ ಓದಿಸಿಕೊಳ್ಳುತ್ತದೆ. ಧಕ್ಕೂ ದಕ್ಕೂ ಇರುವ ವ್ಯತ್ಯಾಸ ಒಂದು ಸೀಳು. ಒತ್ತಕ್ಷರಕ್ಕೆಂದು ಸಾಲಿನ ಕೆಳಗೆ ಅಕ್ಷರದ ಎತ್ತರದ ಅರ್ಧದಷ್ಟಾದರೂ ಜಾಗ ಬಿಡಬೇಕು. ಇಂಗ್ಲಿಷ್ ಸಾಲಿನ ಲೆಕ್ಕದಲ್ಲಿ ಹಾಳೆ ಕತ್ತರಿಸಿದವರು ಕೊನೆಗೆ 'ಸ್ವಾತಂತ್ರ್ಯ'ದ ಬಾಲವನ್ನು ಕೆಳಗಿನ ಸಾಲಿನ ತಲೆಕಟ್ಟಿನೊಳಗೆ ತುರುಕುತ್ತಾರೆ.

ಹೋಗಲೆಂದೇ ಬಂದ ಮೊಸಳೆ

ಉಳಿಯಲೆಂದು ಬರೆದದ್ದು ಉಳಿಯದ ಇದೇ ಊರಿನಲ್ಲಿ, ಹೋಗಲೆಂದೇ ಮಾಡಿದ್ದು ನೆನಪಿನಲ್ಲಿ ಉಳಿದಿದೆ. ಜೂನ್ 2015, ಸುಲ್ತಾನ್‌ಪಾಳ್ಯದ ಮುಖ್ಯರಸ್ತೆ. ನೀರಿನ ಪೈಪ್ ಒಡೆದು ರಸ್ತೆಯಲ್ಲಿ ಹನ್ನೆರಡು ಅಡಿ ಉದ್ದದ ಹೊಂಡ ಬಿದ್ದಿತ್ತು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಬಾದಲ್ ನಂಜುಂಡಸ್ವಾಮಿ ಅದನ್ನು ಪಾಚಿಗಟ್ಟಿದ ಕೆರೆಯಂತೆ ಕಾಣಿಸಿ, ಅದರಲ್ಲಿ ಇಪ್ಪತ್ತು ಕಿಲೋ ತೂಕದ ಫೈಬರ್ ಮೊಸಳೆಯನ್ನು ಬಿಟ್ಟರು. ಆಗಿನ ಪತ್ರಿಕೆಗಳಲ್ಲಿ ಬಂದಂತೆ ಖರ್ಚು ಆರು ಸಾವಿರ ರೂಪಾಯಿ. ಸ್ಕೂಟರಿನವರು ನಿಂತರು, ಮಕ್ಕಳು ನಿಂತರು, ಕ್ಯಾಮೆರಾ ಬಂತು, ಹಿಂದೆಯೇ ರಿಪೇರಿಯವರೂ ಬಂದರು. ಸೆಪ್ಟೆಂಬರ್ 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ವಾರ ಅದೇ ಕೈ ಇನ್ನೊಂದು ಆಟ ಹೂಡಿತು. ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ರಾತ್ರಿ ಹೊತ್ತು ಗಗನಯಾತ್ರಿಯ ವೇಷದ ನಟನೊಬ್ಬ ನಿಧಾನವಾಗಿ ತೇಲುತ್ತಾ ಹೆಜ್ಜೆ ಹಾಕುತ್ತಾನೆ. ಚಂದ್ರನ ಕುಳಿಗಳೇ ಎಂದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಒಂದು ಆಟೋ ಹಾದುಹೋಗುತ್ತದೆ. ಆ ಆಟೋ ಇಲ್ಲದಿದ್ದರೆ ಆ ಕೆಲಸವೇ ಇಲ್ಲ. ಅಲ್ಲಿ ಗೋಡೆಯೂ ಇಲ್ಲ, ಬಣ್ಣವೂ ಇಲ್ಲ. ಸಾಮಾನೆಂದರೆ ಗುಂಡಿ. ಗುಂಡಿ ಮುಚ್ಚಿದ ದಿನ ಕೃತಿ ಪೂರ್ತಿಯಾಯಿತು.

ಇದನ್ನು ಅನುಕರಿಸಲು ಹೊರಡುವವರಿಗೆ ಒಂದು ಎಚ್ಚರಿಕೆ: ಡಾಂಬರಿನ ಮೇಲೆ ಎನಾಮೆಲ್ ಬಳಿಯಬೇಡಿ. ಒದ್ದೆಯಾದಾಗ ಅದು ಸಾಬೂನಿನಂತೆ ಜಾರುತ್ತದೆ, ಬೀಳುವುದು ಪಾಪದ ದ್ವಿಚಕ್ರದವರು. ನೀರು ಮೂಲದ ಬಣ್ಣಕ್ಕೆ ಸಣ್ಣ ಮರಳು ಬೆರೆಸಿ ಬಳಸಿದರೆ ಹಿಡಿತ ಉಳಿಯುತ್ತದೆ. ಟಯರಿನ ಕೆಳಗೆ ಕೆಲವೇ ದಿನದಲ್ಲಿ ಸವೆದು ಹೋಗುತ್ತದೆ, ಹೋಗಲಿ.

ಗೋಡೆಯ ಮಾತಿಗೆ ಮರಳಿದರೆ, ಚಿತ್ರವನ್ನು ನೆಲದಿಂದ ಶುರುಮಾಡುವ ಹಟ ಬಿಡುವುದು ಒಳ್ಳೆಯದು. ಕೆಳಗಿನ ಎರಡಡಿಯನ್ನು ಪುಟ್ಟಿ ಮುಟ್ಟಿಸದೆ ಬರೀ ಕಾವಿಗೆ ಬಿಟ್ಟು, ಆನೆಯ ಪಾದವನ್ನು ಅದರ ಮೇಲೆ ಊರಬೇಕು. ಚಿತ್ರ ಮುಗಿದ ಮೇಲೆ ಹೊಳಪಿನ ವಾರ್ನಿಷ್ ಬಳಿದು ಗೋಡೆಯ ಉಸಿರು ಕಟ್ಟಿಸಬಾರದು. ನಲವತ್ತಡಿ ಗೋಡೆಗೆ ಆ ಕಾವಿ ಪಟ್ಟಿ 80 ಚದರಡಿ, ಎರಡು ಕೋಟ್‌ಗೆ ಒಂದೂವರೆ ಲೀಟರ್, ಒಬ್ಬನಿಗೆ ಅರ್ಧ ದಿನದ ಕೆಲಸ. ಮಳೆಯೆಲ್ಲ ಮುಗಿದು ಗೋಡೆ ಒಣಗಿರುವ ಸಂಕ್ರಾಂತಿ ಹೊತ್ತಿಗೆ ಒಂದು ಸಲ ಕೆರೆದು ಬಳಿದರೆ ಮತ್ತೊಂದು ವರ್ಷ ಹೋಗುತ್ತದೆ. ಚಿತ್ರದ ಬಣ್ಣಗಳೂ ಕಾಲು ಕಾಲು ಲೀಟರ್ ಉಳಿಯುವಂತೆ ತರಿಸಿ, ಮುಚ್ಚಳದ ಮೇಲೆ ಶೇಡ್ ನಂಬರನ್ನೂ ತಾರೀಖನ್ನೂ ಮಾರ್ಕರಿನಲ್ಲಿ ಬರೆದು, ಗಾಳಿ ಸೇರದಂತೆ ಮುಚ್ಚಿ ನೆರಳಿನಲ್ಲಿಡಬೇಕು. ಅವನ್ನು ಕಲಾವಿದರ ಮನೆಯಲ್ಲಿಟ್ಟು ಪ್ರಯೋಜನವಿಲ್ಲ. ಆ ಗೋಡೆಯ ಹಿಂದಿನ ಶಾಲೆಯ ಜವಾನನ ಹತ್ತಿರವೋ, ಎದುರಿನ ಟೀ ಅಂಗಡಿಯವನ ಹತ್ತಿರವೋ ಇಡಬೇಕು, ಒಂದು ಎರಡಂಗುಲದ ಬ್ರಷ್ಷಿನ ಸಮೇತ.